ಕಂತು ಮೊದಲು ಬರುತ್ತದೆ, ಸಂಬಳ ಆಮೇಲೆ

ಪ್ರಶ್ನೆ: ನಾನಿರುವುದು ಡೊಂಬಿವಲಿಯಲ್ಲಿ, ಊರು ಕಾರ್ಕಳದ ಹತ್ತಿರ. 26 ವರ್ಷದ ಹಿಂದೆ ಮುಂಬೈಗೆ ಬಂದೆ. ಈಗ ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ಗಲ್ಲಾ ಮತ್ತು ಖರೀದಿ ನೋಡಿಕೊಳ್ಳುತ್ತೇನೆ. ತಿಂಗಳಿಗೆ 55 ಸಾವಿರ ಸಂಬಳ. ಮನೆ ಸಾಲ ಇನ್ನೂ 8 ವರ್ಷ ಇದೆ. ಮಗಳು ಇಲ್ಲೇ ಹುಟ್ಟಿ ಬೆಳೆದವಳು, 12ನೇ ಸೈನ್ಸ್ ಮುಗಿಸಿದ್ದಾಳೆ. ಸಿಇಟಿಯಲ್ಲಿ 86 ಪರ್ಸೆಂಟೈಲ್ ಬಂದಿದೆ. ಪುಣೆ ಹತ್ತಿರದ ಒಂದು ಖಾಸಗಿ ಕಾಲೇಜಿನವರು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಸೀಟು ಕೊಡುತ್ತಾರಂತೆ. ಹಾಸ್ಟೆಲ್ ಸೇರಿ 4 ವರ್ಷಕ್ಕೆ 16 ಲಕ್ಷ. ಅದರ ಮೇಲೆ 2 ಲಕ್ಷ ನಗದು ಕೇಳುತ್ತಿದ್ದಾರೆ. ಮೂರು ದಿನದಲ್ಲಿ ಹೇಳಿ ಅಂದಿದ್ದಾರೆ. ಸರ್ಕಾರ ನಡೆಸುವ ಕೇಂದ್ರೀಕೃತ ಪ್ರವೇಶದ (ಕ್ಯಾಪ್) ಸುತ್ತಿನಲ್ಲಿ ಹೋದರೆ ಕಲ್ಯಾಣ್, ನವಿ ಮುಂಬೈ ಕಡೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಗಬಹುದು, ಫೀ ವರ್ಷಕ್ಕೆ 1.3 ಲಕ್ಷದ ಹತ್ತಿರ. ಹೆಂಡತಿಯ ಅಣ್ಣ ಹೇಳುತ್ತಾರೆ, ಈಗ ಡಿಗ್ರಿಗೆ ಬೆಲೆಯೇ ಇಲ್ಲ, ಅದೇ ದುಡ್ಡಿನಲ್ಲಿ ಒಂದು ಅಂಗಡಿ ಹಾಕು ಅಂತ. ಮಗಳ ಮದುವೆಗೆ ಅಂತ 4 ಲಕ್ಷ ಎಫ್‌ಡಿ ಇಟ್ಟಿದ್ದೇನೆ. ಊರಿನಲ್ಲಿ ಅಮ್ಮನ ಹೆಸರಿನಲ್ಲಿ ಸ್ವಲ್ಪ ತೋಟ ಇದೆ. ಅದನ್ನು ಅಡವಿಟ್ಟು ಶಿಕ್ಷಣ ಸಾಲ ತೆಗೆಯಬಹುದಾ? ಇಷ್ಟು ಸಾಲ ಮಾಡಿ ಓದಿಸಿದರೆ ಅದು ವಾಪಸ್ ಬರುತ್ತದಾ?

ಉತ್ತರ: ಹೆಸರು ಹಾಕಬೇಡಿ ಅಂದಿದ್ದೀರಿ, ಹಾಗಾಗಿ ಅಣ್ಣ ಅಂತಲೇ ಕರೆಯುತ್ತೇನೆ. ನಿಮಗೆ ಟೈಮ್ ಕಡಿಮೆ ಇದೆ. ಅದಕ್ಕೆ ಮೊದಲು ಉತ್ತರ, ಆಮೇಲೆ ಕಾರಣ. ಮಗಳನ್ನು ಇಂಜಿನಿಯರಿಂಗ್ ಓದಿಸಿ. ಅದಕ್ಕಾಗಿ ಸ್ವಲ್ಪ ಸಾಲ ಮಾಡಿದರೂ ತಪ್ಪಿಲ್ಲ. ಆದರೆ ಈ 16 ಲಕ್ಷದ ಸೀಟಿಗೆ ಸಾಲ ಮಾಡಬೇಡಿ. ಆ 2 ಲಕ್ಷ ನಗದಂತೂ ಖಂಡಿತ ಕೊಡಬೇಡಿ.

ನಾನು 31 ವರ್ಷ ಬ್ಯಾಂಕಿನಲ್ಲಿದ್ದೆ. ಕೊನೆಯ 9 ವರ್ಷ ಮುಂಬೈಯಲ್ಲಿ ಶಿಕ್ಷಣ ಸಾಲದ ಫೈಲುಗಳನ್ನೇ ನೋಡಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಡಿಗ್ರಿಗೆ ಬೆಲೆ ಇದೆಯಾ ಅನ್ನುವುದು ಒಂದು. ಈ ಸಾಲವನ್ನು ಆ ಡಿಗ್ರಿ ತೀರಿಸುತ್ತದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅನ್ನುವ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ. ನಿಮ್ಮದು ಅಂಥ ಮನೆ ಆಗಬಾರದು ಅಂತ ನನ್ನ ಆಸೆ.

ಡಿಗ್ರಿಯ ವಿಷಯ ಮೊದಲು ನೋಡೋಣ, ಯಾಕೆಂದರೆ ನಿಮ್ಮ ಭಾವನ ಮಾತಿನಲ್ಲಿ ಅರ್ಧ ಸತ್ಯ ಇದೆ. ದೇಶದ ಉದ್ಯೋಗದ ಸ್ಥಿತಿಯ ಬಗ್ಗೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಒಂದು ವರದಿ ಹೊರತಂದಿತು. ಅದರ ಪ್ರಕಾರ, ಕೆಲಸಕ್ಕೆ ಸಿದ್ಧರಿರುವ 25 ವಯಸ್ಸಿನ ಒಳಗಿನ ಪದವೀಧರರಲ್ಲಿ ಶೇಕಡಾ 42ಕ್ಕೂ ಹೆಚ್ಚು ಮಂದಿಗೆ ಕೆಲಸ ಇರಲಿಲ್ಲ. ಭಾವ ನೋಡುತ್ತಿರುವುದು ಈ ಹುಡುಗರನ್ನೇ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. 35 ದಾಟಿದ ಪದವೀಧರರಲ್ಲಿ ಕೆಲಸ ಇಲ್ಲದವರು ಶೇಕಡಾ 5ಕ್ಕಿಂತ ಕಡಿಮೆ. ಅಂದರೆ ಕೆಲಸ ಸಿಗುತ್ತದೆ, ಆದರೆ ತಡವಾಗಿ. ಮೊದಲ ಕೆಲವು ವರ್ಷ ಪರದಾಟ, ಆಮೇಲೆ ನೆಲೆ.

ಅಡಿಕೆ ತೋಟದ ಊರಿನವರಿಗೆ ಇದು ಹೊಸ ವಿಷಯ ಅಲ್ಲ. ಸಸಿ ನೆಟ್ಟು 5-6 ವರ್ಷ ಕಾಯದೆ ಫಸಲು ಕಾಣುವುದಿಲ್ಲ. ಎರಡನೇ ವರ್ಷವೇ ಅಡಿಕೆ ಮಾರಿ ಸಾಲ ತೀರಿಸುತ್ತೇನೆ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ನಡುವೆ ಬಾಳೆ ಹಾಕುತ್ತಾರೆ, ಅದರಲ್ಲಿ ಮನೆಖರ್ಚು ನಡೆಯುತ್ತದೆ.

ಶಿಕ್ಷಣ ಸಾಲಕ್ಕೆ ಈ ತಾಳ್ಮೆ ಇಲ್ಲ. ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರು. ಮಗಳಿಗೆ ಕೆಲಸ ಸಿಕ್ಕಿದೆಯಾ, ಸಿಕ್ಕಿದ್ದರೆ ಎಷ್ಟು ಸಂಬಳ ಅಂತ ಅದು ಕೇಳುವುದಿಲ್ಲ. ಡಿಗ್ರಿ ಫಲ ಕೊಡುವುದು ನಿಧಾನ, ಸಾಲ ಕೇಳುವುದು ಬೇಗ. ಕೆಟ್ಟು ಹೋದ ಫೈಲುಗಳಲ್ಲಿ ಹೆಚ್ಚಿನವು ಈ ಎರಡರ ನಡುವಿನ ಸಂದಿಯಲ್ಲೇ ಕೆಟ್ಟವು. ಮಕ್ಕಳು ದಡ್ಡರಾಗಿದ್ದರು ಅಂತ ಅಲ್ಲ, ಅಪ್ಪಂದಿರು ಮೋಸಗಾರರು ಅಂತಲೂ ಅಲ್ಲ.

ಈಗ ನಿಮ್ಮ ಲೆಕ್ಕ ಹಾಕೋಣ. 16 ಲಕ್ಷದಲ್ಲಿ ಬ್ಯಾಂಕ್ ನಿಮ್ಮ ಪಾಲು ಅಂತ ಸುಮಾರು ಶೇಕಡಾ 5 ಕೇಳುತ್ತದೆ. ಹಾಗಾಗಿ ಸಾಲ 15 ಲಕ್ಷ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 3.75 ಲಕ್ಷದ ಹಾಗೆ 4 ವರ್ಷ ಬಿಡುಗಡೆ ಆಗುತ್ತದೆ. ಬಡ್ಡಿ 10.5 ಪರ್ಸೆಂಟ್ ಅಂತ ಹಿಡಿಯೋಣ. ಓದುವಾಗ ಮತ್ತು ಆಮೇಲಿನ ಒಂದು ವರ್ಷ ಕಂತಿಲ್ಲ, ನಿಜ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಈ 5 ವರ್ಷದಲ್ಲಿ ಸರಳ ಬಡ್ಡಿಯೇ ಸುಮಾರು 5.5 ಲಕ್ಷ ಆಗುತ್ತದೆ. ಅಂದರೆ ಕಂತು ಶುರುವಾಗುವ ದಿನ ನಿಮ್ಮ ತಲೆ ಮೇಲೆ ಇರುವುದು 15 ಅಲ್ಲ, 20.5 ಲಕ್ಷ. ಅದನ್ನು 10 ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 27,700. ಒಟ್ಟು ಕಟ್ಟುವುದು 33 ಲಕ್ಷ ದಾಟುತ್ತದೆ. 15 ವರ್ಷಕ್ಕೆ ಎಳೆದರೆ ಕಂತು 22,700ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ ಮಾತ್ರ 41 ಲಕ್ಷದ ಹತ್ತಿರ ಹೋಗುತ್ತದೆ.

ಇದರ ಪಕ್ಕದಲ್ಲಿ ಸಂಬಳ ಇಟ್ಟು ನೋಡಿ. ದೊಡ್ಡ ಐಟಿ ಸರ್ವಿಸ್ ಕಂಪನಿಗಳು ಸಾಧಾರಣ ಕಾಲೇಜಿನಿಂದ ಹೊಸಬರನ್ನು ತೆಗೆದುಕೊಳ್ಳುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ. ಹತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಈ ಅಂಕಿ ಹೆಚ್ಚು ಕದಲಿಲ್ಲ. ಕಾಲೇಜು ಫೀ ಮಾತ್ರ ಏರುತ್ತಲೇ ಇದೆ. ಪಿಎಫ್, ಅದು ಇದು ಕಳೆದು ಕೈಗೆ 26 ಸಾವಿರದ ಹತ್ತಿರ ಬರುತ್ತದೆ. ಕಂತು 27,700. ಮಗಳು ಪುಣೆಯಲ್ಲಿ ಪಿಜಿ ಬಾಡಿಗೆ ಕಟ್ಟಿ ಊಟ ಮಾಡುವುದು ಯಾವುದರಲ್ಲಿ? ಉಳಿದದ್ದು ನೀವೇ ತುಂಬಬೇಕು, ಮನೆ ಸಾಲದ ಕಂತಿನ ಜೊತೆಗೆ. ಆಗ ನಿಮ್ಮ ವಯಸ್ಸು ಎಷ್ಟಾಗಿರುತ್ತದೆ ಅಂತ ಒಮ್ಮೆ ಯೋಚಿಸಿ.

ನಾನು ಹೇಳುವ ಅಳತೆ ಒಂದೇ. ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಫೈಲು ನೋಡಿ ನೋಡಿ ಬಂದದ್ದು. ಆ ಕಾಲೇಜಿನ ಸಾಧಾರಣ ವಿದ್ಯಾರ್ಥಿಗೆ ಮೊದಲ ವರ್ಷ ಎಷ್ಟು ಸಂಬಳ ಸಿಗುತ್ತದೋ, ಒಟ್ಟು ಸಾಲ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಮೂರೂವರೆ ಲಕ್ಷದ ಸಂಬಳಕ್ಕೆ 4 ಲಕ್ಷದ ಸಾಲ ನಡೆಯುತ್ತದೆ. 15 ಲಕ್ಷದ ಸಾಲ ನಡೆಯುವುದಿಲ್ಲ. ಐಐಟಿ ಸೀಟಾಗಿದ್ದರೆ, ಅಥವಾ ಮಾಟುಂಗಾದ ವಿಜೆಟಿಐ, ಪುಣೆಯ ಸಿಒಇಪಿ ಸೀಟಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಅಲ್ಲಿ ಸಂಬಳವೂ ಬೇರೆ, ಅಂಥ ಕಡೆ ಬ್ಯಾಂಕಿನ ಷರತ್ತೂ ಸಡಿಲ.

ಒಬ್ಬ ಹುಡುಗನ ಕಥೆ ಹೇಳಬೇಕು. ಠಾಣೆಯವನು, ನಮ್ಮ ಕಡೆಯವನೇ, ಅಪ್ಪ ಕ್ಯಾಂಟೀನ್ ನಡೆಸುತ್ತಿದ್ದರು. ಖಾಸಗಿ ಕಾಲೇಜಿಗೆ 11 ಲಕ್ಷದ ಸಾಲ. ಫೈಲು ನೋಡಿ ಸಹಿ ಹಾಕಿದ್ದು ನಾನೇ. ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ಹುಡುಗ ಚೆನ್ನಾಗಿ ಓದಿದ, ಪಾಸಾದ. ಆದರೆ ಕೆಲಸ ಸಿಕ್ಕಿದ್ದು ಕೋರ್ಸ್ ಮುಗಿದು 16 ತಿಂಗಳಿಗೆ. ಅಷ್ಟರಲ್ಲಿ ಕಂತು ಶುರುವಾಗಿ ನಾಲ್ಕು ತಿಂಗಳಾಗಿತ್ತು. 90 ದಿನ ಕಂತು ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ, ಅವನದ್ದೂ ಆಯಿತು. ಸಾಲ ತೀರಿಸಿದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಅಪ್ಪ, ಮಗ ಇಬ್ಬರ ಹೆಸರೂ ಕೆಟ್ಟಿತು. ಕ್ಯಾಂಟೀನಿಗೆ ಬೇಕಾದ ಸಣ್ಣ ಸಾಲವೂ ಅಪ್ಪನಿಗೆ ಸಿಗಲಿಲ್ಲ, ಕ್ಯಾಂಟೀನ್ ಬಿಟ್ಟುಕೊಟ್ಟರು. ಆ ಹುಡುಗ ಈಗ ಪುಣೆಯ ಹಿಂಜೆವಾಡಿಯಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ. ಡಿಗ್ರಿ ಅವನಿಗೆ ಅನ್ನ ಕೊಟ್ಟಿತು. ಆದರೆ ಅಪ್ಪನ ಕ್ಯಾಂಟೀನ್ ಹೋಯಿತು. ಆ ಸಹಿ ಇಂದಿಗೂ ನನ್ನನ್ನು ಕೊರೆಯುತ್ತದೆ. ಅರ್ಧ ಸಾಲಕ್ಕೆ ಆಗುವ ಕಾಲೇಜು ನೋಡಿ ಅಂತ ಅವತ್ತು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ನೀವು ಒಂದು ಸಾಲಿನಲ್ಲಿ ಮುಗಿಸಿದ ಆ ಕ್ಯಾಪ್ ದಾರಿಯಲ್ಲೇ ನಿಮ್ಮ ಉತ್ತರ ಇದೆ.

ಮಗಳು ಮಹಾರಾಷ್ಟ್ರದಲ್ಲೇ ಹುಟ್ಟಿ, 10 ಮತ್ತು 12 ಎರಡೂ ಇಲ್ಲೇ ಪಾಸಾದವಳು. ಹಾಗಾಗಿ ಕ್ಯಾಪ್‌ನಲ್ಲಿ ಅವಳು ಇಲ್ಲಿಯ ಅಭ್ಯರ್ಥಿಯೇ. ಖಾಸಗಿ ಕಾಲೇಜುಗಳ ಫೀಯನ್ನು ಇಲ್ಲಿ ಶುಲ್ಕ ನಿಯಂತ್ರಣ ಪ್ರಾಧಿಕಾರ ಕಾಲೇಜುವಾರು ಗೊತ್ತು ಮಾಡುತ್ತದೆ. ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಅದರ ಮೇಲೆ ರಾಜ್ಯದ ನೆರವು ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದು, ಕ್ಯಾಪ್ ಮೂಲಕ ಸೀಟು ಸಿಕ್ಕಿದರೆ, ರಾಜರ್ಷಿ ಛತ್ರಪತಿ ಶಾಹು ಮಹಾರಾಜ್ ಶುಲ್ಕ ಯೋಜನೆಯಲ್ಲಿ ಟ್ಯೂಷನ್ ಫೀಯ ಅರ್ಧ ಸರ್ಕಾರ ಕೊಡುತ್ತದೆ. ನಿಮ್ಮ ಆದಾಯ 6.6 ಲಕ್ಷ. ಇನ್ನೂ ದೊಡ್ಡದು 2024ರಲ್ಲಿ ಬಂತು. ಆರ್ಥಿಕವಾಗಿ ದುರ್ಬಲ ವರ್ಗ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ ವರ್ಗ) ಮತ್ತು ಒಬಿಸಿ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳಲ್ಲಿ ಟ್ಯೂಷನ್ ಮತ್ತು ಪರೀಕ್ಷಾ ಫೀ ಪೂರ್ತಿ ಮಾಫಿ. ಆದಾಯದ ಮಿತಿ ಅದೇ 8 ಲಕ್ಷ. ಹೆಣ್ಣುಮಗಳ ಅಪ್ಪ ನೀವು, ಇದನ್ನು ಬಿಡಬೇಡಿ.

ಇಲ್ಲೇ ನಮ್ಮವರು ಎಡವುವ ಒಂದು ಜಾಗ ಇದೆ. ಊರಿನಲ್ಲಿ ನಾವು ಹಿಂದುಳಿದ ವರ್ಗ, ಇಲ್ಲೂ ಒಬಿಸಿ ಸರ್ಟಿಫಿಕೇಟ್ ಸಿಗುತ್ತದೆ ಅಂದುಕೊಳ್ಳುತ್ತಾರೆ. ಮಹಾರಾಷ್ಟ್ರದಲ್ಲಿ ಒಬಿಸಿ ಪ್ರಮಾಣಪತ್ರಕ್ಕೆ 1967ರ ಅಕ್ಟೋಬರ್ 13ಕ್ಕೆ ಮೊದಲೇ ಕುಟುಂಬ ಇಲ್ಲಿತ್ತು ಅಂತ ದಾಖಲೆ ತೋರಿಸಬೇಕು. ಅಜ್ಜ ಆ ಕಾಲದಲ್ಲೇ ಮುಂಬೈಗೆ ಬಂದಿದ್ದರೆ, ಶಾಲೆಯ ದಾಖಲೆಯೋ ಬಾಡಿಗೆ ರಸೀದಿಯೋ ಇದ್ದರೆ ಬೇರೆ ಮಾತು. ನೀವು 26 ವರ್ಷದ ಹಿಂದೆ ಬಂದವರು. ಹಾಗಾಗಿ ಒಬಿಸಿ ದಾರಿ ನೆಚ್ಚಿ ಕೂರಬೇಡಿ, ಆದಾಯದ ಆಧಾರದ ದಾರಿ ಹಿಡಿಯಿರಿ. ತಹಸೀಲ್ದಾರರ ಆದಾಯ ಪ್ರಮಾಣಪತ್ರ (ಇಲ್ಲಿ ಉತ್ಪನ್ನ ದಾಖಲೆ ಅನ್ನುತ್ತಾರೆ) ಮತ್ತು ಡೊಮಿಸೈಲ್, ಅಂದರೆ ವಾಸದ ಪ್ರಮಾಣಪತ್ರ, ಎರಡನ್ನೂ ಈ ವಾರವೇ ಸರ್ಕಾರದ ಸೇತು ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿ ಮಾಡಿಸಿ. ಅರ್ಧವೋ ಪೂರ್ತಿಯೋ, ಯಾವ ವರ್ಗದಲ್ಲಿ ಮಗಳು ಬರುತ್ತಾಳೆ ಅನ್ನುವುದನ್ನು ನಿಮ್ಮ ದಾಖಲೆ ತೋರಿಸಿ ಅಲ್ಲೇ ಕೇಳಿಕೊಳ್ಳಿ. ಆಮೇಲೆ ರಾಜ್ಯದ ವಿದ್ಯಾರ್ಥಿವೇತನದ ಮಹಾಡಿಬಿಟಿ ಪೋರ್ಟಲಿನಲ್ಲಿ ಅರ್ಜಿ. ಪ್ರತಿ ವರ್ಷವೂ ಮತ್ತೆ ಹಾಕಬೇಕು. ಒಂದು ವರ್ಷ ಮರೆತು ಫೀ ಪೂರ್ತಿ ಕಟ್ಟಿದವರನ್ನು ನೋಡಿದ್ದೇನೆ. ಸರ್ಕಾರದ ಹಣ ಬರುವುದು ತಡವೂ ಆಗುತ್ತದೆ, ಒಂದು ವರ್ಷದ ಫೀ ಕೈಯಲ್ಲಿ ಇಟ್ಟುಕೊಂಡಿರಿ.

ಈ ಯಾವ ನೆರವೂ ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗೆ ಇಲ್ಲ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯೂ ಹಾಗೆಯೇ. 2024ರ ನವೆಂಬರಿನಲ್ಲಿ ಒಪ್ಪಿಗೆ ಆದ ಯೋಜನೆ ಅದು. ಆಯ್ದ ಉತ್ತಮ ಸಂಸ್ಥೆಗಳಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಕಾಲದಲ್ಲಿ 3 ಪರ್ಸೆಂಟ್ ಬಡ್ಡಿ ಸರ್ಕಾರದ್ದು. ಆದರೆ ಸೀಟು ಅರ್ಹತೆಯ ಮೇಲೆ ಸಿಕ್ಕಿರಬೇಕು, ಕಾಲೇಜು ಪಟ್ಟಿಯಲ್ಲಿ ಇರಬೇಕು. ಕ್ಯಾಪ್‌ನಲ್ಲಿ ಸಿಗುವ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ ಅಂತ ಪೋರ್ಟಲಿನಲ್ಲಿ ನೋಡಿಕೊಳ್ಳಿ.

ಹೀಗಾಗಿ ಕ್ಯಾಪ್ ದಾರಿಯಲ್ಲಿ ಅರ್ಧ ಫೀ ಮಾತ್ರ ಮಾಫಿ ಆದರೂ, ಲ್ಯಾಪ್‌ಟಾಪ್, ಪುಸ್ತಕ, ಲೋಕಲ್ ಪಾಸು ಎಲ್ಲಾ ಸೇರಿ 4 ವರ್ಷಕ್ಕೆ 4 ಲಕ್ಷದ ಸುತ್ತಮುತ್ತ ಆಗುತ್ತದೆ. 4 ಲಕ್ಷದವರೆಗೆ ಬ್ಯಾಂಕ್ ಅಡಮಾನ ಕೇಳುವ ಹಾಗಿಲ್ಲ. ನಿಮ್ಮ ಪಾಲು ಅಂತಲೂ ಏನೂ ಹಾಕಬೇಕಿಲ್ಲ. ಮಗಳು ಸಾಲಗಾರ್ತಿ, ನೀವು ಸಹ ಸಾಲಗಾರ, ಅಷ್ಟೇ. ಹಲವು ಸರ್ಕಾರಿ ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ಬಿಡುತ್ತವೆ, ಕೇಳಿ ತೆಗೆದುಕೊಳ್ಳಿ.

ಊರಿನ ತೋಟ ಹಾಗೇ ಇರಲಿ. ನಿಮ್ಮ ಅಮ್ಮನ ಹೆಸರಿನಲ್ಲಿದೆ ಅಂದಿದ್ದೀರಿ. ಅಣ್ಣತಮ್ಮಂದಿರು, ಅಕ್ಕತಂಗಿಯರ ನಡುವೆ ಪಾಲು ಆಗಿದೆಯಾ? ಆಗದಿದ್ದರೆ ಬ್ಯಾಂಕಿನ ವಕೀಲರು ಮೊದಲ ದಿನವೇ ಫೈಲು ವಾಪಸ್ ಮಾಡುತ್ತಾರೆ. ಪಾಲು ಆಗಿದ್ದರೂ ಕೃಷಿ ಭೂಮಿಯನ್ನು ಬ್ಯಾಂಕುಗಳು ಇಷ್ಟಪಡುವುದಿಲ್ಲ. ಸಾಲ ಕೆಟ್ಟರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ 2002ರ ಸರ್ಫೇಸಿ ಕಾಯ್ದೆ ಇದೆ. ಕೃಷಿ ಭೂಮಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಮುಂಬೈ ಶಾಖೆಯವರು ಪಹಣಿ ತನ್ನಿ, ಋಣಭಾರ ಪತ್ರ ತನ್ನಿ ಅಂತ ಎರಡು ತಿಂಗಳು ಓಡಾಡಿಸಿ ಕೊನೆಗೆ ಆಗುವುದಿಲ್ಲ ಅನ್ನುವ ಸಾಧ್ಯತೆಯೇ ಜಾಸ್ತಿ. ಆಗ ಕಾಲೇಜಿನವರೇ ಯಾವುದಾದರೂ ಫೈನಾನ್ಸ್ ಕಂಪನಿಯ ಏಜೆಂಟನ್ನು ಕಳಿಸುತ್ತಾರೆ. ಅಡಮಾನ ಬೇಡ, ಎರಡು ದಿನದಲ್ಲಿ ಸಾಲ. ಬಡ್ಡಿ ಬ್ಯಾಂಕಿಗಿಂತ ಜಾಸ್ತಿ, ಪ್ರೊಸೆಸಿಂಗ್ ಫೀ ಬೇರೆ, ಇನ್ಶೂರೆನ್ಸ್ ಬೇರೆ. ಆ ಹೊತ್ತಿಗೆ ಕ್ಯಾಪ್ ಸುತ್ತು ಮುಗಿದಿರುತ್ತದೆ, ನಿಮಗೆ ಬೇರೆ ದಾರಿ ಉಳಿದಿರುವುದಿಲ್ಲ.

ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ಉಳಿಯುತ್ತದೆ ಅಂತಲೂ ಏಜೆಂಟರು ಹೇಳುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಮೂರೂವರೆ ಲಕ್ಷ ಸಂಬಳದವಳಿಗೆ ತೆರಿಗೆಯೇ ಇಲ್ಲ, ಉಳಿಸುವುದು ಏನನ್ನು?

ಎಫ್‌ಡಿ ವಿಷಯಕ್ಕೆ ಬರುತ್ತೇನೆ. 4 ಲಕ್ಷ ಇದೆ, 4 ಲಕ್ಷ ಬೇಕು, ಹಾಗಾದರೆ ಸಾಲ ಯಾಕೆ ಅಂತ ನೀವು ಕೇಳಬಹುದು. ಎಫ್‌ಡಿಗೆ ಬರುವ ಬಡ್ಡಿಗಿಂತ ಸಾಲದ ಬಡ್ಡಿ ಜಾಸ್ತಿ, ನಿಜ. ಆದರೂ ಎಫ್‌ಡಿ ಪೂರ್ತಿ ಮುರಿಯಬೇಡಿ ಅನ್ನುತ್ತೇನೆ. ಕಾರಣ ಮೊದಲೇ ಹೇಳಿದ ಆ ಸಂದಿ. ಕೋರ್ಸ್ ಮುಗಿದು ಕೆಲಸ ಸಿಗುವವರೆಗಿನ ತಿಂಗಳುಗಳಿಗೆ ಮನೆಯಲ್ಲಿ ಹಣ ಇರಬೇಕು. ಠಾಣೆಯ ಆ ಮನೆಯಲ್ಲಿ ಇಲ್ಲದೆ ಹೋದದ್ದು ಅದೇ. ಐಟಿಯಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ಕೆಲವು ವರ್ಷಗಳಿಂದ ಕಡಿಮೆಯೂ ಆಗಿದೆ. ಸಾಲದ ಬಡ್ಡಿ ಮತ್ತು ಎಫ್‌ಡಿ ಬಡ್ಡಿಯ ನಡುವಿನ ವ್ಯತ್ಯಾಸವನ್ನು ಆ ಧೈರ್ಯಕ್ಕೆ ಕೊಡುವ ಬೆಲೆ ಅಂತ ತಿಳಿಯಿರಿ. ಅದು ಮದುವೆ ಹಣ ಅನ್ನುವುದನ್ನೂ ಸ್ವಲ್ಪ ಕಾಲ ಮರೆತುಬಿಡಿ. ಮಗಳ ಹಣ ಅದು, ಅವಳ ಕಾಲಿನ ಮೇಲೆ ಅವಳು ನಿಲ್ಲುವ ಹೊತ್ತಿಗೆ ಬೇಕಾಗುವ ಹಣ.

ಸಾಲ ತೆಗೆದ ಮೇಲೆ ಒಂದು ಕೆಲಸ ಮೊದಲ ತಿಂಗಳಿಂದಲೇ ಮಾಡಿ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗಿ. ನಮ್ಮ ಕಡೆಯವರಿಗೆ ಪಿಗ್ಮಿ ಗೊತ್ತೇ ಇದೆ. ಉಡುಪಿಯಲ್ಲಿ 1928ರಲ್ಲಿ ಶುರುವಾದದ್ದು ಅದು. ದಿನಕ್ಕೆ ನಾಲ್ಕು ಕಾಸು ಕೂಡಿಟ್ಟು ಎಷ್ಟು ಮನೆಗಳು ಮೇಲೆ ಬಂದವು! ಇದನ್ನೂ ಹಾಗೇ ನೋಡಿ. ಮೊದಲ ವರ್ಷ 1 ಲಕ್ಷದ ಮೇಲೆ ಬಡ್ಡಿ ತಿಂಗಳಿಗೆ 875 ರೂಪಾಯಿ, ದಿನಕ್ಕೆ 29. ನಾಲ್ಕನೇ ವರ್ಷ 4 ಲಕ್ಷದ ಮೇಲೆ ತಿಂಗಳಿಗೆ 3,500. ಹೀಗೆ ಕಟ್ಟಿದರೆ ಕಂತು ಶುರುವಾಗುವ ದಿನವೂ ಸಾಲ 4 ಲಕ್ಷವೇ ಇರುತ್ತದೆ. 10 ವರ್ಷಕ್ಕೆ ಕಂತು 5,400. ಕಟ್ಟದೆ ಬಿಟ್ಟರೆ ಅದೇ ಸಾಲ 5.47 ಲಕ್ಷ ಆಗಿ, ಕಂತು 7,400 ಆಗುತ್ತದೆ. ಓದುವಾಗ ಬಡ್ಡಿ ಕಟ್ಟುವವರಿಗೆ ಆ ಅವಧಿಯಲ್ಲಿ 1 ಪರ್ಸೆಂಟ್ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಅರ್ಜಿ ಹಾಕುವಾಗಲೇ ಕೇಳಿ. 26 ಸಾವಿರ ಸಂಬಳದಲ್ಲಿ 5,400 ಕಟ್ಟುವುದು ಮಗಳಿಗೆ ಭಾರ ಆಗುವುದಿಲ್ಲ.

ಒಂದು ವೇಳೆ ಕೆಲಸ ತಡ ಆದರೆ ಸುಮ್ನೆ ಮನೆಯಲ್ಲಿ ಕೂತು ಹೆದರಬೇಡಿ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಬರೆದು ಕೊಡಿ. ಬ್ಯಾಂಕುಗಳ ಒಕ್ಕೂಟದ ಮಾದರಿ ಸಾಲ ಯೋಜನೆಯಲ್ಲೇ ಇದಕ್ಕೆ ದಾರಿ ಇದೆ. ಕೆಲಸ ಇಲ್ಲದ ಕಾಲಕ್ಕೆ ಕಂತು ಮುಂದೂಡಬಹುದು. ಮೊದಲ ವರ್ಷಗಳಲ್ಲಿ ಕಡಿಮೆ, ಆಮೇಲೆ ಜಾಸ್ತಿ ಅನ್ನುವ ಹಾಗೆ ಕಂತು ಕಟ್ಟಿಸಬಹುದು. ಮ್ಯಾನೇಜರ್ ತಾನಾಗಿ ಬಂದು ಹೇಳುವುದಿಲ್ಲ, ನೀವೇ ಕೇಳಬೇಕು. 90 ದಿನ ಕಳೆದ ಮೇಲೆ ಕೇಳಿದರೆ ಯಾರ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಅಡಿಕೆಯ ನಡುವೆ ಹಾಕುವ ಬಾಳೆಯಂಥದ್ದೂ ಒಂದಿದೆ. ಡಿಗ್ರಿ ಮುಗಿದವರಿಗೆ ಒಂದು ವರ್ಷದ ಅಪ್ರೆಂಟಿಸ್ ತರಬೇತಿ ಕೊಡುವ ಕೇಂದ್ರದ ಯೋಜನೆ ನ್ಯಾಟ್ಸ್. ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ, ಅದರಲ್ಲಿ ಒಂದು ಪಾಲು ಸರ್ಕಾರದ್ದು. ಸಂಬಳದ ಮಟ್ಟಿಗೆ ಬರುವುದಿಲ್ಲ. ಆದರೆ 5,400ರ ಕಂತನ್ನು ದಾಟಿಸುತ್ತದೆ, ಬಯೋಡೇಟಾದಲ್ಲಿ ಒಂದು ವರ್ಷದ ಅನುಭವವೂ ಸೇರುತ್ತದೆ. ಠಾಣೆ, ನವಿ ಮುಂಬೈ, ಪುಣೆಯ ಕಾರ್ಖಾನೆಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇಂಥ ಜಾಗ ಇದೆ. ಕಂಪ್ಯೂಟರ್ ಬ್ರಾಂಚೇ ಬೇಕು ಅಂತ ಮಗಳ ಹಠ ಇರಬಹುದು. ಐಟಿ ಸರ್ವಿಸ್ ಕಂಪನಿಗಳು ಎಲೆಕ್ಟ್ರಾನಿಕ್ಸ್‌ನವರನ್ನೂ ಅದೇ ಪರೀಕ್ಷೆಯಲ್ಲಿ, ಅದೇ ಸಂಬಳಕ್ಕೆ ತೆಗೆದುಕೊಳ್ಳುತ್ತವೆ. ಕೋಡಿಂಗ್ ಕಲಿಯಲು ಬ್ರಾಂಚ್ ಅಡ್ಡ ಬರುವುದಿಲ್ಲ. ಬ್ರಾಂಚಿನ ಹೆಸರಿಗಾಗಿ 11 ಲಕ್ಷ ಹೆಚ್ಚು ಸಾಲ ಬೇಡ.

ಪುಣೆ ಕಾಲೇಜಿನವರು ಪ್ಲೇಸ್‌ಮೆಂಟ್ ಶೇಕಡಾ 95 ಅಂತ ಹೇಳಿರುತ್ತಾರೆ. ಎಲ್ಲರೂ ಹೇಳುತ್ತಾರೆ. ಕೇಳಬೇಕಾದದ್ದು ಬೇರೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕಿದ ಕಾಲೇಜುಗಳು ತಾವು ಕೊಟ್ಟ ಅಂಕಿಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯದ ಸಂಬಳ (ಅರ್ಧ ಮಂದಿಗೆ ಅದಕ್ಕಿಂತ ಹೆಚ್ಚು, ಅರ್ಧ ಮಂದಿಗೆ ಕಡಿಮೆ) ಎಷ್ಟು ಅನ್ನುವುದು ಅದರಲ್ಲಿ ಇರುತ್ತದೆ. ಬ್ಯಾನರಿನಲ್ಲಿ ಹಾಕಿದ 40 ಲಕ್ಷದ ಪ್ಯಾಕೇಜ್ ಒಬ್ಬನದ್ದು. ಮಧ್ಯದ ಸಂಬಳ ನಿಮ್ಮ ಮಗಳಂಥವರದ್ದು. ಕೋರ್ಸಿನ ಗುಣಮಟ್ಟ ನೋಡಿ ಕೊಡುವ ಎನ್‌ಬಿಎ ಮಾನ್ಯತೆಯನ್ನೂ ಬ್ರಾಂಚಿನ ಹೆಸರು ಹಿಡಿದು ಕೇಳಿ, ಅದು ಇಡೀ ಕಾಲೇಜಿಗೆ ಕೊಡುವುದಲ್ಲ, ಒಂದೊಂದು ಕೋರ್ಸಿಗೆ ಕೊಡುವುದು. ಕ್ಯಾಪ್‌ನಲ್ಲಿ ಕಾಲೇಜು ಆರಿಸುವಾಗಲೂ ಇವನ್ನೇ ನೋಡಿ. ಸಾಧ್ಯ ಆದರೆ ಒಂದು ದಿನ ರಜೆ ಹಾಕಿ, ಮಗಳನ್ನು ಕರೆದುಕೊಂಡು ಕಾಲೇಜಿನ ಗೇಟಿನ ಹತ್ತಿರ ನಿಂತು ಕೊನೇ ವರ್ಷದ ನಾಲ್ಕು ಮಕ್ಕಳ ಹತ್ತಿರ ಮಾತಾಡಿ. ಅಷ್ಟು ಸತ್ಯ ಯಾವ ಆಫೀಸಿನಲ್ಲೂ ಸಿಗುವುದಿಲ್ಲ.

ಆ 2 ಲಕ್ಷ ನಗದು ಡೊನೇಷನ್. ಹೀಗೆ ಸೀಟಿಗಾಗಿ ಫೀಯ ಮೇಲೆ ಕೇಳುವ ಹಣ, ಅಂದರೆ ಕ್ಯಾಪಿಟೇಶನ್ ಫೀ, ಮಹಾರಾಷ್ಟ್ರದಲ್ಲಿ 1987ರ ಕಾನೂನಿನಿಂದಲೇ ನಿಷಿದ್ಧ. ರಸೀದಿ ಇಲ್ಲದ ಹಣಕ್ಕೆ ಬ್ಯಾಂಕ್ ಸಾಲ ಇಲ್ಲ. ಸೀಟು ಬಿಟ್ಟರೆ ವಾಪಸ್ ಕೇಳಲು ಕಾಗದವೂ ಇಲ್ಲ. ಮೂರು ದಿನದ ಗಡುವಿಗೂ ಹೆದರಬೇಡಿ. ಮೂಲ ಮಾರ್ಕ್ಸ್ ಕಾರ್ಡ್ ಅವರ ಕೈಗೆ ಕೊಟ್ಟಿದ್ದರೆ ಇವತ್ತೇ ವಾಪಸ್ ತನ್ನಿ, ಅದನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ.

ಭಾವ ಹೇಳಿದ ಅಂಗಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಂಬೈಯಲ್ಲಿ ಅಂಗಡಿಗೆ ಡಿಪಾಸಿಟ್ ಎಷ್ಟು, ಬಾಡಿಗೆ ಎಷ್ಟು ಅಂತ ನನಗಿಂತ ನಿಮಗೇ ಗೊತ್ತು. ಅದಕ್ಕೂ ಸಾಲವೇ ಬೇಕು, ಬಾಡಿಗೆಯಂತೂ ಮೊದಲ ತಿಂಗಳಿಂದಲೇ ಶುರು. ಮಗಳಿಗೆ ಅಂಗಡಿ ಬೇಕಾ ಅಂತ ಯಾರಾದರೂ ಅವಳನ್ನು ಕೇಳಿದ್ದೀರಾ?

ಆದರೆ ಡಿಗ್ರಿಗೆ ಬೆಲೆ ಇಲ್ಲ ಅನ್ನುವ ಭಾವನ ಮಾತಿಗೆ ನನ್ನ ಮನೆಯ ಒಂದು ವಿಷಯ ನೆನಪಾಗುತ್ತದೆ. ನನ್ನ ಚಿಕ್ಕಪ್ಪ 13ನೇ ವಯಸ್ಸಿಗೆ ಮುಂಬೈಗೆ ಬಂದವರು. ಹಗಲು ಹೋಟೆಲಿನಲ್ಲಿ ಕಪ್ ಬಸಿ ತೊಳೆದರು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಹೋದರು. ಮೆಟ್ರಿಕ್ ಆಯಿತು, ಆಮೇಲೆ ಡಿಗ್ರಿ ಆಯಿತು, ಗುಮಾಸ್ತರಾಗಿ ಸೇರಿ ಆಫೀಸರಾಗಿ ರಿಟೈರ್ ಆದರು. ನಮ್ಮ ಇಡೀ ಮನೆ ಮೇಲೆ ಬಂದದ್ದು ಅವರ ಆ ಡಿಗ್ರಿಯಿಂದ. ನಾನು ಬ್ಯಾಂಕ್ ಸೇರಿದ್ದೂ ಅವರನ್ನು ನೋಡಿಯೇ. ಅದಕ್ಕೇ ಡಿಗ್ರಿಗೆ ಬೆಲೆ ಇಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಸಂಕಟ ಆಗುತ್ತದೆ. ಚಿಕ್ಕಪ್ಪ ಆ ಡಿಗ್ರಿಗಾಗಿ ಒಂದು ರೂಪಾಯಿ ಸಾಲ ಮಾಡಿರಲಿಲ್ಲ, ಕೆಲಸ ಸಿಗಲು ಎರಡು ವರ್ಷ ಕಾದಾಗಲೂ ಯಾವ ಬ್ಯಾಂಕೂ ಅವರ ಬಾಗಿಲು ತಟ್ಟಲಿಲ್ಲ. ಇವತ್ತು ಸಾಲವೇ ಇಲ್ಲದೆ ಓದಿಸುವುದು ಕಷ್ಟ, ಒಪ್ಪುತ್ತೇನೆ. ನಮ್ಮ ಜಾತಿ ಸಂಘಗಳು, ಊರಿನ ಸಂಘಗಳು ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತವೆ. ಮೊತ್ತ ಸಣ್ಣದು ಅಂತ ಬಿಡಬೇಡಿ, ಒಂದು ವರ್ಷದ ಬಡ್ಡಿ ಅದರಲ್ಲೇ ತೀರಬಹುದು.

ಸಂಬಳದ ಒಂದು ಭಾಗ ನಿಮಗೆ ಕೈಗೇ ಬರುತ್ತಿದ್ದರೆ ಅದನ್ನೂ ಇವತ್ತಿನಿಂದ ಖಾತೆಗೆ ಹಾಕಿಸಿಕೊಳ್ಳಿ. ಹೋಟೆಲ್ ಕೆಲಸದವರಲ್ಲಿ ಇದು ಸಾಮಾನ್ಯ. ಸಾಲ ಕೊಡುವಾಗ ಬ್ಯಾಂಕಿನವರು ನೋಡುವುದು ಪಾಸ್‌ಬುಕ್ ಮತ್ತು ಆದಾಯ ತೆರಿಗೆ ರಿಟರ್ನ್ ಮಾತ್ರ.

ಕೊನೆಯದು ಮಗಳ ಬಗ್ಗೆ. ಮದುವೆ ಆದ ಮೇಲೆ ಸಾಲ ಯಾರು ಕಟ್ಟುವುದು ಅನ್ನುವ ಚಿಂತೆ ಹೆಣ್ಣುಮಕ್ಕಳ ಮನೆಯಲ್ಲಿ ಇದ್ದೇ ಇರುತ್ತದೆ. ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. 4 ಲಕ್ಷದ ಸಾಲವನ್ನು ಅವಳೇ ಮದುವೆಗೆ ಮೊದಲು ತೀರಿಸಿಬಿಡಬಹುದು. ಬದಲಾಗುವ ಬಡ್ಡಿಯ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕ್ ದಂಡ ಹಾಕುವ ಹಾಗಿಲ್ಲ. 20 ಲಕ್ಷದ ಸಾಲವಾದರೆ ಅದು ಅವಳ ಮದುವೆ ಮಾತುಕತೆಗೂ ಬರುತ್ತದೆ, ಅವಳು ಕೆಲಸ ಬಿಡಬೇಕೋ ಬೇಡವೋ ಅನ್ನುವುದನ್ನೂ ಅದೇ ತೀರ್ಮಾನ ಮಾಡುತ್ತದೆ.

ಇವತ್ತು ರಾತ್ರಿ ಗಲ್ಲಾ ಮುಗಿಸಿ ಮನೆಗೆ ಹೋದ ಮೇಲೆ ಈ ಲೆಕ್ಕವನ್ನು ಅವಳ ಮುಂದೆ ಇಡಿ. 15 ಲಕ್ಷದ್ದು ಒಂದು ಕಡೆ, 4 ಲಕ್ಷದ್ದು ಒಂದು ಕಡೆ, ಅವಳ ಕೈಯಲ್ಲೇ ಬರೆಸಿ. ಸಾಲದ ಕಾಗದದಲ್ಲಿ ಮೊದಲ ಸಹಿ ಅವಳದ್ದೇ ಇರುತ್ತದೆ. ಕ್ಯಾಪ್‌ನ ಆಯ್ಕೆ ಪಟ್ಟಿ ತುಂಬುವಾಗ ಕಾಲೇಜುಗಳ ಕ್ರಮವನ್ನೂ ಅವಳೇ ಹಾಕಲಿ, ನೀವು ಪಕ್ಕದಲ್ಲಿ ಕೂತು ಮಧ್ಯದ ಸಂಬಳದ ಅಂಕಿ ಓದಿ ಹೇಳಿ. ಮೊದಲ ಸುತ್ತಿನಲ್ಲಿ ಮೊದಲ ಆಯ್ಕೆಯೇ ಸಿಕ್ಕಿದರೆ ಅದನ್ನೇ ಒಪ್ಪಿಕೊಳ್ಳಬೇಕಾಗುತ್ತದೆ. ಹಾಗಾಗಿ ಆ ಮೊದಲ ಹೆಸರು ಬರೆಯುವಾಗ ಇಬ್ಬರೂ ಸ್ವಲ್ಪ ನಿಧಾನ ಮಾಡಿ. ಸೀಟು ಸಿಕ್ಕ ಮೇಲೆ ಬ್ಯಾಂಕಿನವರು ಕೊಟ್ಟ ಕಾಗದದ ಪ್ರತಿ ನನಗೆ ಕಳಿಸಿ, ಸಹಿ ಹಾಕುವ ಮೊದಲು ಸಾಲು ಸಾಲಾಗಿ ಓದಿ ಹೇಳುತ್ತೇನೆ.